ಬಾಹ್ಯಾಕಾಶ ಎಲ್ಲಿಂದ ಶುರುವಾಗುತ್ತದೆ: 80 ಕಿಲೋಮೀಟರಿನಿಂದಲೋ, 100 ಕಿಲೋಮೀಟರಿನಿಂದಲೋ?

ಪ್ರಶ್ನೆ: 2021ರ ಜುಲೈ ತಿಂಗಳಲ್ಲಿ ಒಂಬತ್ತು ದಿನಗಳ ಅಂತರದಲ್ಲಿ ಇಬ್ಬರು ಉದ್ಯಮಿಗಳು ತಮ್ಮ ತಮ್ಮ ಕಂಪನಿಯ ನೌಕೆಗಳಲ್ಲಿ ಮೇಲೇರಿ ಇಳಿದರು. ರಿಚರ್ಡ್ ಬ್ರಾನ್ಸನ್ ಸುಮಾರು 86 ಕಿ.ಮೀ. ಎತ್ತರ ಮುಟ್ಟಿದರೆ, ಜೆಫ್ ಬೆಜೋಸ್ ಸುಮಾರು 107 ಕಿ.ಮೀ. ಮುಟ್ಟಿದರು. ಮೊದಲನೆಯದು ಬಾಹ್ಯಾಕಾಶ ಯಾನವೇ ಅಲ್ಲ ಎಂದು ಕೆಲವರು ಹೇಳುತ್ತಾರೆ. ಈ 100 ಕಿ.ಮೀ. ಗಡಿಯನ್ನು ಯಾರು, ಯಾವ ಆಧಾರದ ಮೇಲೆ ಹಾಕಿದರು? ಅಲ್ಲಿಗೆ ಗಾಳಿಯೋ ಗುರುತ್ವವೋ ಮುಗಿದುಹೋಗುತ್ತದೆಯೇ? ವಿಮಾನವೊಂದು ಏರುತ್ತಲೇ ಹೋದರೆ ಬಾಹ್ಯಾಕಾಶವನ್ನು ತಲುಪಬಹುದೇ?

ಉತ್ತರ: ಗುರುತ್ವದ ವಿಷಯವನ್ನು ಮೊದಲು ಬಗೆಹರಿಸಿಕೊಳ್ಳೋಣ, ಏಕೆಂದರೆ ಅದು ಸುಲಭ. ನೂರು ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಸೆಳೆತ ನೆಲದ ಮೇಲಿರುವುದರ ಶೇ 97ರಷ್ಟು ಇರುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತುವ ಸುಮಾರು 400 ಕಿ.ಮೀ. ಎತ್ತರದಲ್ಲಿಯೂ ಅದು ಶೇ 88ಕ್ಕಿಂತ ಹೆಚ್ಚೇ ಇದೆ. ಅಲ್ಲಿನ ಗಗನಯಾನಿಗಳು ತೇಲುವುದಕ್ಕೆ ಗುರುತ್ವ ಇಲ್ಲದಿರುವುದು ಕಾರಣವಲ್ಲ. ಅವರೂ ಅವರ ನಿಲ್ದಾಣವೂ ಒಟ್ಟಿಗೆ, ಒಂದೇ ರೀತಿಯಲ್ಲಿ, ಸದಾ ಬೀಳುತ್ತಲೇ ಇವೆ. ಆದರೆ ಅಡ್ಡಲಾಗಿ ಸಾಗುವ ವೇಗ ಎಷ್ಟಿದೆಯೆಂದರೆ, ಅವರು ಬಿದ್ದಷ್ಟೇ ಪ್ರಮಾಣದಲ್ಲಿ ಭೂಮಿಯ ಮೇಲ್ಮೈಯೂ ಬಾಗಿ ಕೆಳಗೆ ಸರಿಯುತ್ತದೆ. ಆದ್ದರಿಂದ ಗುರುತ್ವವನ್ನು ಆಧಾರವಾಗಿಟ್ಟುಕೊಂಡು ಯಾವ ಎತ್ತರದಲ್ಲಿಯೂ ಗಡಿ ಎಳೆಯಲಾಗದು.

ಗಾಳಿಯ ವಿಷಯ ಇದಕ್ಕಿಂತ ಕುತೂಹಲಕರ. ವಾಯುಮಂಡಲ ಯಾವುದೋ ಒಂದು ಎತ್ತರದಲ್ಲಿ ಥಟ್ಟನೆ ನಿಂತುಹೋಗುವುದಿಲ್ಲ, ಮೇಲೇರಿದಂತೆ ತೆಳುವಾಗುತ್ತಾ ಹೋಗುತ್ತದೆ. ಪ್ರಯಾಣಿಕ ವಿಮಾನಗಳು ಹಾರುವ 10 ಕಿ.ಮೀ. ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ್ದರ ಮೂರನೇ ಒಂದು ಭಾಗವಿರುತ್ತದೆ, 20 ಕಿ.ಮೀ.ಗೆ ಬಂದರೆ ಹದಿನಾಲ್ಕನೇ ಒಂದು ಭಾಗ, 50 ಕಿ.ಮೀ.ಯಲ್ಲಿ ಸಾವಿರದ ಇನ್ನೂರರಲ್ಲಿ ಒಂದು ಭಾಗ, 100 ಕಿ.ಮೀ.ಯಲ್ಲಿ ಇಪ್ಪತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಹಾಗೆಂದು ಅದು ಶೂನ್ಯವಲ್ಲ. ಉಲ್ಕೆಗಳು ಉರಿದು ಬೆಳಗುವುದು ಹೆಚ್ಚಾಗಿ 80ರಿಂದ 120 ಕಿ.ಮೀ. ನಡುವಿನ ಪಟ್ಟಿಯಲ್ಲೇ, ಧ್ರುವಪ್ರಭೆ ಕಾಣಿಸುವುದು ಬಹುಪಾಲು 100 ಕಿ.ಮೀ.ಗಿಂತ ಮೇಲೆಯೇ. ಗಾಳಿಯೇ ಇಲ್ಲದಿದ್ದರೆ ಇವೆರಡೂ ಇರುತ್ತಿರಲಿಲ್ಲ. ಭೂಮಿಯ ಸುತ್ತಲಿನ ಜಲಜನಕದ ಅತಿ ತೆಳುವಾದ ಹೊದಿಕೆಗೆ ಜಿಯೊಕರೋನಾ ಎಂದು ಹೆಸರು. ಸೋಹೋ ಎಂಬ ಸೌರವೀಕ್ಷಣಾ ನೌಕೆ 1990ರ ದಶಕದಲ್ಲಿ ದಾಖಲಿಸಿದ್ದ ಮಾಹಿತಿಯನ್ನು ವಿಜ್ಞಾನಿಗಳು ಮತ್ತೆ ಪರಿಶೀಲಿಸಿ, ಈ ಹೊದಿಕೆ ಸುಮಾರು 6,30,000 ಕಿ.ಮೀ. ದೂರದವರೆಗೂ ಚಾಚಿಕೊಂಡಿದೆ ಎಂದು 2019ರಲ್ಲಿ ತಿಳಿಸಿದರು. ಚಂದ್ರನ ಸರಾಸರಿ ದೂರ 3,84,400 ಕಿ.ಮೀ. ಮಾತ್ರ. ಅಂದರೆ 1972ರ ಏಪ್ರಿಲಿನಲ್ಲಿ ಅಪೋಲೋ 16ರ ಯಾತ್ರಿಗಳು ಚಂದ್ರನ ಮೇಲೆ ಅತಿನೇರಳೆ ಕ್ಯಾಮೆರಾ ಇಟ್ಟು ಭೂಮಿಯ ಈ ಜಲಜನಕದ ಪ್ರಭೆಯ ಚಿತ್ರ ತೆಗೆದಾಗ, ಅವರು ನಿಂತಿದ್ದುದೂ ಅದೇ ಹೊದಿಕೆಯ ಒಳಗೇ. ಆ ದೂರದಲ್ಲಿ ಐದು ಘನ ಸೆಂಟಿಮೀಟರಿಗೆ ಒಂದು ಪರಮಾಣುವಷ್ಟೇ ಇರುವುದರಿಂದ ಅದನ್ನು ಗಾಳಿ ಎನ್ನುವುದು ಕಷ್ಟ. ಆದರೆ ಗಾಳಿ ಮುಗಿಯುವ ಜಾಗವೇ ಬಾಹ್ಯಾಕಾಶದ ಬಾಗಿಲು ಎಂದು ಹಟ ಹಿಡಿದರೆ, ಚಂದ್ರನ ಮೇಲೆ ಇಳಿದವರನ್ನೂ ಭೂಮಿಯ ವಾಯುಮಂಡಲದೊಳಗೇ ಇದ್ದವರೆಂದು ಎಣಿಸಬೇಕಾಗುತ್ತದೆ.

ಮನುಷ್ಯನ ದೇಹವನ್ನು ಅಳತೆಗೋಲಾಗಿ ಹಿಡಿದರೆ ಗಡಿ ತೀರಾ ಕೆಳಕ್ಕೆ ಇಳಿಯುತ್ತದೆ. ಸುಮಾರು 19 ಕಿ.ಮೀ. ಎತ್ತರದಲ್ಲಿ ಗಾಳಿಯ ಒತ್ತಡ ಎಷ್ಟು ಕುಸಿದಿರುತ್ತದೆಂದರೆ, ನೀರು ನಮ್ಮ ಮೈಯ ಶಾಖಕ್ಕೇ, ಅಂದರೆ 37 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಅಮೆರಿಕದ ವಾಯುಪಡೆಯ ವೈದ್ಯ ಹ್ಯಾರಿ ಆರ್ಮ್‌ಸ್ಟ್ರಾಂಗ್ ಅವರ ಹೆಸರಿನಿಂದ ಇದನ್ನು ಆರ್ಮ್‌ಸ್ಟ್ರಾಂಗ್ ಮಿತಿ ಎನ್ನುತ್ತಾರೆ. ಚಂದ್ರನ ಮೇಲೆ ನಡೆದ ನೀಲ್ ಆರ್ಮ್‌ಸ್ಟ್ರಾಂಗ್ ಬೇರೆಯವರು. 1960ರ ಆಗಸ್ಟ್ 16ರಂದು ಜೋಸೆಫ್ ಕಿಟಿಂಜರ್ ಬಲೂನಿನಲ್ಲಿ 31 ಕಿ.ಮೀ. ಏರಿ ಅಲ್ಲಿಂದ ಧುಮುಕುವಾಗ, ಅವರ ಒತ್ತಡದ ಉಡುಪಿನ ಬಲಗೈ ಕವಚ ಏರುವ ಹಾದಿಯಲ್ಲೇ ಕೆಟ್ಟಿತ್ತು. ಪ್ರಯೋಗ ರದ್ದಾಗಬಾರದೆಂದು ಅವರು ಆಗ ಅದನ್ನು ಹೇಳಲಿಲ್ಲ. ಕೈ ಇಮ್ಮಡಿಯಾಗಿ ಊದಿಕೊಂಡಿತು. ನೆಲ ಮುಟ್ಟಿದ ಕೆಲವು ಗಂಟೆಗಳಲ್ಲಿ ಮತ್ತೆ ಸರಿಹೋಯಿತು. ದೇಹದ ಮಟ್ಟಿಗೆ ಬಾಹ್ಯಾಕಾಶದ ಕಷ್ಟಗಳೆಲ್ಲ ಆ ಎತ್ತರದಲ್ಲೇ ಎದುರಾಗುತ್ತವೆ. ಆದರೂ ಅದು ಬಾಹ್ಯಾಕಾಶವಲ್ಲ, ಏಕೆಂದರೆ ಬಲೂನು ತೇಲುವುದಕ್ಕೇ ಗಾಳಿ ಬೇಕು. 2012ರಲ್ಲಿ ಫೆಲಿಕ್ಸ್ ಬಾಮ್‌ಗಾರ್ಟ್ನರ್ 39 ಕಿ.ಮೀ.ಯಿಂದ ಧುಮುಕಿದಾಗ ಅದನ್ನು ಬಾಹ್ಯಾಕಾಶದ ಅಂಚಿನಿಂದ ಹಾರಿದ ಜಿಗಿತವೆಂದು ಜಗತ್ತೆಲ್ಲ ವರ್ಣಿಸಿತು. ಧೈರ್ಯಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ, ಆದರೆ ಅವರು ನಿಂತಿದ್ದುದು ಈಗ ಚರ್ಚೆಯಲ್ಲಿರುವ ಗಡಿಗಳಲ್ಲಿ ಕೆಳಗಿನದ್ದರ ಅರ್ಧದಷ್ಟು ಎತ್ತರದಲ್ಲಿ.

ಹಾಗಾದರೆ ಆ ಎತ್ತರದಲ್ಲಿ ನಿಜವಾಗಿ ಮುಗಿಯುವುದು ಏನು? ರೆಕ್ಕೆಯ ಉಪಯೋಗ. ಗಡಿಯ ಹಿಂದಿರುವ ಮೂಲ ವಿಚಾರ ಇದೇ. ಅದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು.

ವಿಮಾನವನ್ನು ಮೇಲೆತ್ತುವ ಬಲ ಗಾಳಿಯ ಸಾಂದ್ರತೆಯನ್ನೂ ವೇಗದ ವರ್ಗವನ್ನೂ ಅವಲಂಬಿಸಿದೆ. ಸಾಂದ್ರತೆ ನಾಲ್ಕನೇ ಒಂದು ಭಾಗಕ್ಕೆ ಇಳಿದರೆ, ಅಷ್ಟೇ ಬಲ ಪಡೆಯಲು ವೇಗವನ್ನು ಇಮ್ಮಡಿ ಮಾಡಬೇಕು. ಹೀಗೆ ಎತ್ತರ ಹೆಚ್ಚಿದಂತೆಲ್ಲ ವಿಮಾನ ಇನ್ನಷ್ಟು, ಮತ್ತಷ್ಟು ವೇಗವಾಗಿ ಹೋಗಬೇಕಾಗುತ್ತದೆ. ಇದರ ಜೊತೆಗೇ ಇನ್ನೊಂದು ಪರಿಣಾಮ ಸದ್ದಿಲ್ಲದೆ ಬೆಳೆಯುತ್ತಿರುತ್ತದೆ. ಗುಂಡಗಿನ ಭೂಮಿಯ ಮೇಲೆ ಬಾಗಿದ ಹಾದಿಯಲ್ಲಿ ಸಾಗುವ ಯಾವುದೇ ವಸ್ತುವಿನ ತೂಕದ ಒಂದು ಪಾಲನ್ನು ಅದರ ವೇಗವೇ ಹೊತ್ತುಕೊಳ್ಳುತ್ತದೆ. ಇದನ್ನು ಕೇಂದ್ರಾಪಗಾಮಿ ಪರಿಣಾಮ ಎನ್ನುತ್ತೇವೆ. ಭೂಮಿಯ ಆವರ್ತನೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಗಂಟೆಗೆ 900 ಕಿ.ಮೀ. ವೇಗದ ಪ್ರಯಾಣಿಕ ವಿಮಾನದಲ್ಲಿ ಈ ಪಾಲು ತೂಕದ ಸಾವಿರದಲ್ಲಿ ಒಂದು ಭಾಗ. 300 ಟನ್ನಿನ ವಿಮಾನ ಹಾರುತ್ತಿರುವಾಗ ಸುಮಾರು 300 ಕಿಲೋ ಹಗುರವಾಗಿರುತ್ತದೆ, ಅಷ್ಟೇ. ಆದರೆ ಈ ಪಾಲೂ ವೇಗದ ವರ್ಗಕ್ಕೆ ತಕ್ಕಂತೆಯೇ ಬೆಳೆಯುತ್ತದೆ. ಸೆಕೆಂಡಿಗೆ ಸುಮಾರು 7.8 ಕಿ.ಮೀ. ವೇಗ ಬಂದಾಗ ಅದು ಪೂರ್ತಿ ತೂಕವನ್ನೇ ಹೊರುತ್ತದೆ. ರೆಕ್ಕೆಗೆ ಹೊರಲು ಏನೂ ಉಳಿಯುವುದಿಲ್ಲ. ಆಗ ಆ ವಸ್ತುವನ್ನು ವಿಮಾನ ಎನ್ನುವುದಕ್ಕಿಂತ ಉಪಗ್ರಹ ಎನ್ನುವುದೇ ಸರಿ.

ಈ ವಾದವನ್ನು ಮುಂದಿಟ್ಟವರು ಥಿಯೋಡರ್ ಫಾನ್ ಕಾರ್ಮಾನ್. 1881ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿ, ಮುಂದೆ ಅಮೆರಿಕದಲ್ಲಿ ನೆಲೆಸಿದ ಅವರು 20ನೇ ಶತಮಾನದ ವಾಯುಚಲನ ವಿಜ್ಞಾನಿಗಳಲ್ಲಿ ಅಗ್ರಗಣ್ಯರು. ಇಂದು ಗ್ರಹಗಳಿಗೆ ನೌಕೆ ಕಳಿಸುವ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಸ್ಥಾಪಕರಲ್ಲಿ ಅವರೂ ಒಬ್ಬರು. 1956ರ ಸೆಪ್ಟೆಂಬರಿನಲ್ಲಿ ಐವೆನ್ ಕಿಂಚೆಲೋ ಎಂಬ ಪರೀಕ್ಷಾ ಪೈಲಟ್ ಎಕ್ಸ್-2 ರಾಕೆಟ್ ವಿಮಾನವನ್ನು 38 ಕಿ.ಮೀ.ಗೂ ಮೇಲೆ ಒಯ್ದಿದ್ದರು. ಅಷ್ಟು ಎತ್ತರದಲ್ಲೂ ಆ ವಿಮಾನದ ತೂಕದ ಶೇ 98ರಷ್ಟನ್ನು ರೆಕ್ಕೆಯೇ ಹೊತ್ತಿತ್ತು ಎಂಬುದು ಕಾರ್ಮಾನ್ ಅವರ ಲೆಕ್ಕ. ಎತ್ತರ ಹೆಚ್ಚಿದಂತೆ ಈ ಪ್ರಮಾಣ ಕ್ರಮೇಣ ಬದಲಾಗಿ, ಎಲ್ಲೋ ಒಂದೆಡೆ ತಿರುಗುಮುರುಗಾಗುತ್ತದೆ. ಅದೇ ವಿಮಾನದ ಕೊನೆ, ಬಾಹ್ಯಾಕಾಶದ ಮೊದಲು ಎಂದು ಅವರು ಹೇಳಿದರು. ಈ ಲೆಕ್ಕವನ್ನು ಕಾನೂನಿನ ಭಾಷೆಗೆ ತಂದವರು ವಕೀಲ ಆಂಡ್ರ್ಯೂ ಹೇಲಿ. ರೇಖೆಗೆ ಕಾರ್ಮಾನ್ ಹೆಸರನ್ನು ಅಂಟಿಸಿದವರೂ ಅವರೇ. ನಿಮ್ಮ ಪ್ರಶ್ನೆಯ ದೃಷ್ಟಿಯಿಂದ ಗಮನಿಸಬೇಕಾದ ಸಂಗತಿಯೆಂದರೆ, ಹೇಲಿ 1950ರ ದಶಕದ ಕೊನೆಯಲ್ಲಿ ಕೊಟ್ಟ ಅಂಕೆ 2,75,000 ಅಡಿ, ಅಂದರೆ ಸುಮಾರು 84 ಕಿ.ಮೀ. ಇಂದು ಕಾರ್ಮಾನ್ ರೇಖೆ ಎಂದೊಡನೆ ಎಲ್ಲರ ನೆನಪಿಗೆ ಬರುವ 100 ಕಿ.ಮೀ. ಎಂಬ ಅಂಕೆ ಮೂಲ ಲೆಕ್ಕದಲ್ಲಿ ಇರಲಿಲ್ಲ.

ವಿಮಾನ ಏರುತ್ತಲೇ ಹೋದರೆ ಬಾಹ್ಯಾಕಾಶ ತಲುಪೀತೇ ಎಂಬ ನಿಮ್ಮ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಗಾಳಿ ಎಳೆದುಕೊಂಡು ಇಂಧನ ಉರಿಸುವ ಎಂಜಿನ್ನಿಗೆ ಅದು ಸಾಧ್ಯವಿಲ್ಲ. ಜೆಟ್ ವಿಮಾನ ಸಮತಟ್ಟಾಗಿ ಹಾರಿದ ಎತ್ತರದ ದಾಖಲೆ 1976ರಲ್ಲಿ ಎಸ್‌ಆರ್-71 ಬರೆದದ್ದು, ಸುಮಾರು 26 ಕಿ.ಮೀ. ಮರುವರ್ಷ ಸೋವಿಯತ್ ಪೈಲಟ್ ಅಲೆಕ್ಸಾಂಡರ್ ಫೆದೋತೊವ್ ಮಿಗ್-25 ವಿಮಾನವನ್ನು ವೇಗವಾಗಿ ಓಡಿಸಿ ಮೂಗು ಮೇಲೆತ್ತಿ 37.65 ಕಿ.ಮೀ.ಗೆ ಒಯ್ದರು. ಆದರೆ ಆ ತುದಿಯಲ್ಲಿ ಅದು ಎಸೆದ ಕಲ್ಲಿನಂತೆ ಸಾಗುತ್ತಿತ್ತು, ರೆಕ್ಕೆಯ ಬಲದಿಂದ ನಿಂತಿರಲಿಲ್ಲ. ಆಮ್ಲಜನಕವನ್ನೂ ಜೊತೆಗೇ ಹೊತ್ತೊಯ್ಯುವ ರಾಕೆಟ್ ಎಂಜಿನ್ ಇದ್ದರೆ ಮಾತ್ರ ಕಥೆ ಬೇರೆ.

ಆ ಕಥೆಯನ್ನು ಎಲ್ಲಕ್ಕಿಂತ ಚೆನ್ನಾಗಿ ಹೇಳುವುದು ಎಕ್ಸ್-15. 1959ರಿಂದ 1968ರವರೆಗೆ 199 ಬಾರಿ ಹಾರಿದ ಈ ವಿಮಾನವನ್ನು ಬಿ-52 ಬಾಂಬರಿನ ರೆಕ್ಕೆಯಡಿಯಲ್ಲಿ ಕಟ್ಟಿ ಸುಮಾರು 14 ಕಿ.ಮೀ. ಎತ್ತರದಲ್ಲಿ ಬಿಡುತ್ತಿದ್ದರು. ಪೈಲಟ್ ರಾಕೆಟ್ ಹೊತ್ತಿಸುತ್ತಿದ್ದುದು ಅಲ್ಲಿಂದ. ಅದರ ಕಾಕ್‌ಪಿಟ್ಟನ್ನು ಹತ್ತಿರದಿಂದ ನೋಡಿದರೆ ನಾವು ಮಾತನಾಡುತ್ತಿರುವ ಗಡಿ ಕಣ್ಣಿಗೇ ಕಾಣುತ್ತದೆ. ಪೈಲಟ್ಟಿನ ಬಲಬದಿಯ ಹಿಡಿಕೆ ಬಾಲದ ಅಲುಗುಗಳನ್ನು ತಿರುಗಿಸುತ್ತಿತ್ತು. ಗಾಳಿ ಇರುವವರೆಗೆ ವಿಮಾನ ಅದರ ಮಾತು ಕೇಳುತ್ತಿತ್ತು. ಎತ್ತರ ಹೆಚ್ಚಿದಂತೆ ಅಲುಗುಗಳು ತಿರುಗಿದರೂ ವಿಮಾನ ಮಿಸುಕುತ್ತಿರಲಿಲ್ಲ. ಆಗ ಪೈಲಟ್ ಎಡಗೈಯ ಹಿಡಿಕೆಗೆ ಬರಬೇಕಿತ್ತು. ಅದು ಮೂಗಿನಲ್ಲೂ ರೆಕ್ಕೆಗಳ ತುದಿಯ ಬಳಿಯೂ ಇದ್ದ ಸಣ್ಣ ಸಣ್ಣ ನಳಿಕೆಗಳಿಂದ ಹೈಡ್ರೋಜನ್ ಪೆರಾಕ್ಸೈಡಿನ ಬಿಸಿ ಆವಿಯನ್ನು ಚಿಮ್ಮಿಸಿ ವಿಮಾನದ ಮುಖ ತಿರುಗಿಸುತ್ತಿತ್ತು. ಇಳಿಯುವಾಗ ಮತ್ತೆ ಎಡಗೈಯಿಂದ ಬಲಗೈಗೆ. ಒಂದೇ ಹಾರಾಟದಲ್ಲಿ ಒಂದೇ ಯಂತ್ರ ವಿಮಾನವಾಗಿ ಹೊರಟು, ನೌಕೆಯಾಗಿ, ಮತ್ತೆ ವಿಮಾನವಾಗಿ ಮರಳುತ್ತಿತ್ತು. ಈ ಬದಲಾವಣೆ ಒಂದು ಕ್ಷಣದಲ್ಲಿ ಆಗುತ್ತಿರಲಿಲ್ಲ. ಎರಡೂ ಹಿಡಿಕೆಗಳು ಅಷ್ಟಿಷ್ಟು ಕೆಲಸ ಮಾಡುವ ಎತ್ತರಗಳು ನಡುವೆ ಇದ್ದವು. ಪ್ರಕೃತಿಯಲ್ಲಿ ಇರುವುದು ರೇಖೆಯಲ್ಲ, ಒಂದು ಪಟ್ಟಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಎಕ್ಸ್-15ರ ಹಾರಾಟಗಳಲ್ಲಿ 13 ಹಾರಾಟಗಳು 50 ಮೈಲಿ ದಾಟಿದವು. ಎಂಟು ಪೈಲಟ್‌ಗಳು ಆ ಎತ್ತರ ಕಂಡರು. 50 ಮೈಲಿ ಎಂದರೆ 80.5 ಕಿ.ಮೀ. ಅಮೆರಿಕದ ವಾಯುಪಡೆ ಗಗನಯಾನಿಯ ಪದಕ ಕೊಡಲು ಇಟ್ಟುಕೊಂಡ ಎತ್ತರ ಅದೇ ಆಗಿತ್ತು. ಹಾಗಾಗಿ 1962ರಲ್ಲಿ ಸುಮಾರು 96 ಕಿ.ಮೀ. ಏರಿದ ವಾಯುಪಡೆಯ ರಾಬರ್ಟ್ ವೈಟ್ ಅವರಿಗೆ ಆ ಪದಕ ಸಿಕ್ಕಿತು. ನಾಸಾದ ನಾಗರಿಕ ಪೈಲಟ್ ಜೋ ವಾಕರ್ 1963ರ ಜುಲೈ ಮತ್ತು ಆಗಸ್ಟ್ ತಿಂಗಳಲ್ಲಿ ಎರಡು ಬಾರಿ 100 ಕಿ.ಮೀ.ಯನ್ನೇ ದಾಟಿದರು, ಎರಡನೆಯ ಬಾರಿ ಸುಮಾರು 108 ಕಿ.ಮೀ. ಮುಟ್ಟಿದರು. ಆದರೆ ಅವರು ಸೈನ್ಯದವರಲ್ಲದ ಕಾರಣ ಅವರಿಗೆ ಪದಕವಿಲ್ಲ. 1966ರಲ್ಲಿ ಇನ್ನೊಂದು ವಿಮಾನದೊಂದಿಗೆ ನಡೆದ ಡಿಕ್ಕಿಯಲ್ಲಿ ಅವರು ತೀರಿಕೊಂಡರು. ನಾಸಾ ಆ ಗೌರವವನ್ನು ಅವರಿಗೂ ಇನ್ನಿಬ್ಬರು ನಾಗರಿಕ ಪೈಲಟ್‌ಗಳಿಗೂ ಕೊಟ್ಟದ್ದು 2005ರ ಆಗಸ್ಟಿನಲ್ಲಿ. ಆ ಹೊತ್ತಿಗೆ ಮೂವರಲ್ಲಿ ಬದುಕಿದ್ದವರು ಬಿಲ್ ಡೇನಾ ಒಬ್ಬರೇ. ಎತ್ತರದ ವಿಷಯದಲ್ಲಿ ಯಾವ ತಕರಾರೂ ಇಲ್ಲದಿದ್ದ ವಾಕರ್ ಅವರನ್ನು ಇಷ್ಟು ಕಾಲ ಹೊರಗಿಟ್ಟದ್ದು ನ್ಯಾಯವಾಗಿರಲಿಲ್ಲ ಎಂದೇ ನನ್ನ ಭಾವನೆ.

100 ಎಂಬ ಅಂಕೆ ಗಟ್ಟಿಯಾದದ್ದು ಅಂತರರಾಷ್ಟ್ರೀಯ ವಾಯುಯಾನ ಒಕ್ಕೂಟದಿಂದ. 1905ರಲ್ಲಿ ಸ್ಥಾಪನೆಯಾದ, ಎಫ್‌ಎಐ ಎಂದು ಕರೆಯಲಾಗುವ ಈ ಸಂಸ್ಥೆ ಹಾರಾಟದ ದಾಖಲೆಗಳನ್ನು ಪ್ರಮಾಣೀಕರಿಸುತ್ತದೆ. ವಿಮಾನದ ದಾಖಲೆ ಯಾವುದು, ಬಾಹ್ಯಾಕಾಶ ಯಾನದ ದಾಖಲೆ ಯಾವುದು ಎಂದು ಬೇರ್ಪಡಿಸಲು ಅದಕ್ಕೊಂದು ಅಂಕೆ ಬೇಕಿತ್ತು. 1960ರ ದಶಕದಲ್ಲಿ ಅದು ನೆನಪಿಡಲು ಸುಲಭವಾದ, ಮೆಟ್ರಿಕ್ ಪದ್ಧತಿಯ ದುಂಡು ಸಂಖ್ಯೆಯನ್ನು ಆರಿಸಿಕೊಂಡಿತು. ಅಮೆರಿಕದ 50 ಮೈಲಿಯೂ ಹಾಗೆಯೇ ಮೈಲಿಯ ಲೆಕ್ಕದ ದುಂಡು ಸಂಖ್ಯೆ.

ದಾಖಲೆಯ ನಿಯಮಗಳು ಇತಿಹಾಸವನ್ನು ಹೇಗೆ ಇಕ್ಕಟ್ಟಿಗೆ ಸಿಲುಕಿಸುತ್ತವೆ ಎಂಬುದಕ್ಕೆ ಯೂರಿ ಗಗಾರಿನ್ ಅವರ ಯಾನವೇ ಉದಾಹರಣೆ. ಪೈಲಟ್ ತನ್ನ ವಾಹನದಲ್ಲಿಯೇ ನೆಲಕ್ಕೆ ಇಳಿಯಬೇಕು ಎಂಬುದು ಎಫ್‌ಎಐ ನಿಯಮವಾಗಿತ್ತು. 1961ರ ಏಪ್ರಿಲ್ 12ರಂದು 108 ನಿಮಿಷಗಳಲ್ಲಿ ಭೂಮಿಯನ್ನು ಸುತ್ತಿ ಬಂದ ಗಗಾರಿನ್, ಸುಮಾರು 7 ಕಿ.ಮೀ. ಎತ್ತರದಲ್ಲಿ ವೊಸ್ತೋಕ್ ನೌಕೆಯಿಂದ ಹೊರಚಿಮ್ಮಿ ಪ್ಯಾರಾಚೂಟಿನಲ್ಲಿ ಬೇರೆಯಾಗಿ ಇಳಿದರು. ಜೀವಕ್ಕೆ ಅಪಾಯವಿಲ್ಲದಂತೆ ನೌಕೆಯನ್ನೇ ಇಳಿಸುವ ವ್ಯವಸ್ಥೆ ಆಗ ಸಿದ್ಧವಾಗಿರಲಿಲ್ಲ. ಸೋವಿಯತ್ ಅಧಿಕಾರಿಗಳು ದಾಖಲೆ ಕೈತಪ್ಪಬಾರದೆಂದು ಈ ಸಂಗತಿಯನ್ನು ಬಹುಕಾಲ ಮುಚ್ಚಿಟ್ಟರು. ಕೊನೆಗೆ ಸತ್ಯ ಹೊರಬಂದ ಮೇಲೂ ಎಫ್‌ಎಐ ದಾಖಲೆಯನ್ನು ರದ್ದು ಮಾಡಲಿಲ್ಲ. ಉಡಾವಣೆ, ಕಕ್ಷೆ ಮತ್ತು ಪೈಲಟ್ ಸುರಕ್ಷಿತವಾಗಿ ಮರಳಿದ್ದೇ ಮುಖ್ಯವೆಂದು ಎಲ್ಲರೂ ಒಪ್ಪಿದರು. ಅದು ಸರಿಯಾದ ತೀರ್ಮಾನ. ನಿಯಮವನ್ನು ಬರೆದದ್ದು ವಿಮಾನಗಳಿಗಾಗಿ, ಯಾನ ನಡೆದದ್ದು ವಿಮಾನ ಹೋಗಲಾರದ ಜಾಗದಲ್ಲಿ.

ಗಡಿಯನ್ನು ಎಲ್ಲಿಡುತ್ತೇವೆ ಎನ್ನುವುದರ ಮೇಲೆ ‘ಮೊದಲು’ ಎಂಬ ಪಟ್ಟವೂ ಬದಲಾಗುತ್ತದೆ. ಜರ್ಮನಿಯ ವಿ-2 ರಾಕೆಟ್ ಮೊದಲ ಬಾರಿ ಯಶಸ್ವಿಯಾಗಿ ಹಾರಿದ್ದು 1942ರ ಅಕ್ಟೋಬರ್ 3ರಂದು, ಸುಮಾರು 84 ಕಿ.ಮೀ. ಎತ್ತರಕ್ಕೆ. 80 ಕಿ.ಮೀ.ಯನ್ನು ಒಪ್ಪಿದರೆ ಮನುಷ್ಯ ನಿರ್ಮಿಸಿದ ರಾಕೆಟ್ಟು ಬಾಹ್ಯಾಕಾಶ ಮುಟ್ಟಿದ್ದು ಅಂದು, 100 ಕಿ.ಮೀ.ಯನ್ನು ಒಪ್ಪಿದರೆ ಅದೇ ಬಗೆಯ ರಾಕೆಟ್ 176 ಕಿ.ಮೀ. ಏರಿದ 1944ರ ಜೂನ್ 20ರಂದು. ಆ ರಾಕೆಟ್ಟುಗಳನ್ನು ತಯಾರಿಸುವಾಗ ಗುಲಾಮಗಿರಿಯ ದುಡಿಮೆಯಲ್ಲಿ ಸತ್ತ ಸೆರೆಯಾಳುಗಳ ಸಂಖ್ಯೆ, ಅವು ಬಿದ್ದು ಸತ್ತವರ ಸಂಖ್ಯೆಗಿಂತ ಹೆಚ್ಚು ಎಂಬುದನ್ನು ಈ ‘ಮೊದಲು’ಗಳ ಜೊತೆಯಲ್ಲೇ ಹೇಳಬೇಕು. ಯುದ್ಧದ ಬಳಿಕ ಅಮೆರಿಕಕ್ಕೆ ಸಾಗಿಸಿದ ವಿ-2ಗಳಲ್ಲಿ ಒಂದು 1946ರ ಅಕ್ಟೋಬರ್ 24ರಂದು ಸುಮಾರು 105 ಕಿ.ಮೀ. ಎತ್ತರದಿಂದ ಭೂಮಿಯ ಚಿತ್ರ ತೆಗೆಯಿತು. ಇನ್ನೊಂದು 1947ರ ಫೆಬ್ರುವರಿ 20ರಂದು ಹಣ್ಣಿನ ನೊಣಗಳನ್ನು 109 ಕಿ.ಮೀ.ಗೆ ಒಯ್ದು ಜೀವಂತವಾಗಿ ಮರಳಿ ಇಳಿಸಿತು. ಎರಡೂ ಗಡಿಗಳ ಪ್ರಕಾರ ಬಾಹ್ಯಾಕಾಶಕ್ಕೆ ಹೋಗಿಬಂದ ಮೊದಲ ಪ್ರಾಣಿಗಳು ಆ ನೊಣಗಳೇ.

ಇತ್ತೀಚಿನ ವಿಜ್ಞಾನ ಏನು ಹೇಳುತ್ತದೆ? ಉಪಗ್ರಹಗಳ ಲೆಕ್ಕವನ್ನು ದಶಕಗಳಿಂದ ಇಟ್ಟುಕೊಂಡು ಬಂದಿರುವ ಖಗೋಳವಿಜ್ಞಾನಿ ಜೊನಾಥನ್ ಮೆಕ್‌ಡವೆಲ್ 2018ರಲ್ಲಿ ಒಂದು ವಿಸ್ತಾರವಾದ ಅಧ್ಯಯನ ಪ್ರಕಟಿಸಿದರು. ದೀರ್ಘವೃತ್ತಾಕಾರದ ಕಕ್ಷೆಯಲ್ಲಿ ಸುತ್ತುವ ಕೆಲವು ಉಪಗ್ರಹಗಳು ತಮ್ಮ ಹಾದಿಯ ಅತಿ ತಗ್ಗಿನ ಬಿಂದುವಿನಲ್ಲಿ 80–90 ಕಿ.ಮೀ.ವರೆಗೂ ಇಳಿದು, ಮತ್ತೆ ಮೇಲೇರಿ, ಹೀಗೆ ಹಲವು ಸುತ್ತು ಹಾಕಿವೆ ಎಂದು ಅವರು ತೋರಿಸಿದರು. ಉಪಗ್ರಹವೊಂದು 100 ಕಿ.ಮೀ.ಗಿಂತ ಕೆಳಕ್ಕೆ ಬಂದೂ ಉಪಗ್ರಹವಾಗಿಯೇ ಉಳಿಯಬಲ್ಲುದಾದರೆ, ಗಡಿ ಅದಕ್ಕಿಂತ ಕೆಳಗಿರಲೇಬೇಕು, 80 ಕಿ.ಮೀ. ಹೆಚ್ಚು ಸೂಕ್ತ ಎಂಬುದು ಅವರ ವಾದ. ಅದೇ ವರ್ಷ ಎಫ್‌ಎಐ ತನ್ನ ಅಂಕೆಯನ್ನು ಮರುಪರಿಶೀಲಿಸುವ ಮಾತಾಡಿತು. ಕಾರ್ಮಾನ್–ಹೇಲಿ ಲೆಕ್ಕದ 84 ಕಿ.ಮೀ.ಗೂ ಇದು ಹತ್ತಿರವಾಗಿರುವುದರಿಂದ, ಭೌತವಿಜ್ಞಾನದ ಮಟ್ಟಿಗೆ ನನಗೂ 80ರ ಪಕ್ಷವೇ ಹೆಚ್ಚು ಬಲವಾಗಿ ಕಾಣುತ್ತದೆ. ಹಾಗೆಂದು ಆ ಎತ್ತರದಲ್ಲಿ ಉಪಗ್ರಹವನ್ನು ವೃತ್ತಾಕಾರವಾಗಿ ಸುತ್ತಿಸಲಾಗದು. ಗಾಳಿಯ ಎಳೆತ ಅದನ್ನು ಒಂದು ಸುತ್ತು ಮುಗಿಸಲೂ ಬಿಡದೆ ಕೆಡವುತ್ತದೆ.

ಈ ಎಳೆತ ದಿನದಿಂದ ದಿನಕ್ಕೆ ಬದಲಾಗುತ್ತದೆ ಎಂಬುದು ಇನ್ನೊಂದು ತೊಡಕು. ಸೂರ್ಯನ ಚಟುವಟಿಕೆ ಹೆಚ್ಚಿದಾಗ ಮೇಲಿನ ವಾಯುಮಂಡಲ ಬಿಸಿಯಾಗಿ ಹಿಗ್ಗುತ್ತದೆ. ನಿನ್ನೆ ಹೆಚ್ಚುಕಡಿಮೆ ಬರಿದಾಗಿದ್ದ ಎತ್ತರಕ್ಕೆ ಇಂದು ಗಾಳಿ ಬಂದು ಸೇರಿರುತ್ತದೆ. ಅಮೆರಿಕದ ಸ್ಕೈಲ್ಯಾಬ್ ನಿಲ್ದಾಣ ಸ್ಪೇಸ್ ಶಟಲ್ ಸಿದ್ಧವಾಗುವವರೆಗೆ ಮೇಲೆಯೇ ಉಳಿಯುತ್ತದೆಂದು ನಿರೀಕ್ಷಿಸಲಾಗಿತ್ತು. ಸೂರ್ಯನ ಚಟುವಟಿಕೆ ಅಂದಾಜನ್ನು ಮೀರಿದ್ದರಿಂದ ಅದು 1979ರ ಜುಲೈ 11ರಂದೇ ಕಳಚಿ ಬಿತ್ತು, ಚೂರುಗಳು ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಹರಡಿದವು. 2022ರ ಫೆಬ್ರುವರಿ 3ರಂದು ಹಾರಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಮೊದಲಿಗೆ ಸುಮಾರು 210 ಕಿ.ಮೀ. ಎತ್ತರದಲ್ಲಿ ಬಿಡಲಾಗಿತ್ತು. ಅದೇ ಹೊತ್ತಿಗೆ ಭೂಕಾಂತೀಯ ಬಿರುಗಾಳಿ ಎದ್ದು, ಗಾಳಿಯ ಎಳೆತ ಹೆಚ್ಚಿ, ಅವುಗಳಲ್ಲಿ ಹೆಚ್ಚಿನವು ಮೇಲಿನ ಕಕ್ಷೆಗೆ ಏರಲಾರದೆ ನಾಶವಾದವು. 400 ಕಿ.ಮೀ. ಎತ್ತರದ ಬಾಹ್ಯಾಕಾಶ ನಿಲ್ದಾಣವೂ ಈ ಎಳೆತಕ್ಕೆ ಸಿಕ್ಕಿ ನಿಧಾನವಾಗಿ ಕೆಳಗಿಳಿಯುತ್ತಲೇ ಇರುತ್ತದೆ. ರಾಕೆಟ್ ಉರಿಸಿ ಅದನ್ನು ಆಗಾಗ ಮೇಲಕ್ಕೆ ತಳ್ಳಬೇಕು.

ಇಷ್ಟೆಲ್ಲ ತಿಳಿದ ಮೇಲೂ ದೇಶಗಳು ಒಟ್ಟಾಗಿ ಕುಳಿತು ಒಂದು ಗಡಿ ಏಕೆ ಎಳೆಯಲಿಲ್ಲ ಎಂದು ಕೇಳಬಹುದು. ಅದಕ್ಕೆ ಕಾರಣ ವಿಜ್ಞಾನದಲ್ಲಿ ಇಲ್ಲ, ರಾಜಕೀಯದಲ್ಲಿದೆ. 1944ರ ಷಿಕಾಗೊ ಒಪ್ಪಂದದ ಪ್ರಕಾರ ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ವಾಯುಪ್ರದೇಶದ ಮೇಲೆ ಪೂರ್ಣ ಅಧಿಕಾರವಿದೆ. ಅನುಮತಿಯಿಲ್ಲದೆ ಬೇರೆಯವರು ಹಾರುವಂತಿಲ್ಲ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಬಾಹ್ಯಾಕಾಶ ಯಾವ ದೇಶದ ಸ್ವತ್ತೂ ಅಲ್ಲ. ಮೊದಲನೆಯದು ಎಲ್ಲಿ ಮುಗಿಯುತ್ತದೆ, ಎರಡನೆಯದು ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಎರಡು ಒಪ್ಪಂದಗಳೂ ಹೇಳುವುದಿಲ್ಲ. 1957ರ ಅಕ್ಟೋಬರ್ 4ರಂದು ಹಾರಿದ ಸ್ಪುಟ್ನಿಕ್ ಹತ್ತಾರು ದೇಶಗಳ ಮೇಲೆ ಅನುಮತಿ ಕೇಳದೆ ಹಾದುಹೋಯಿತು. ಯಾವ ದೇಶವೂ ಅಧಿಕೃತವಾಗಿ ಆಕ್ಷೇಪಿಸಲಿಲ್ಲ. ಆ ಮೌನವೇ ಮುಂದೆ ರೂಢಿಯಾಯಿತು.

ಈ ಎರಡು ನಿಯಮಗಳ ನಡುವಿನ ಅಂತರ ಎಷ್ಟು ತೀಕ್ಷ್ಣವಾಗಿತ್ತು ಎಂಬುದು 1960ರ ಆಗಸ್ಟ್ 19ರಂದು ಕಾಣುತ್ತದೆ. ಅದೇ ವರ್ಷ ಮೇ 1ರಂದು ಅಮೆರಿಕದ ಯು-2 ಗೂಢಚಾರ ವಿಮಾನವನ್ನು ಸೋವಿಯತ್ ಒಕ್ಕೂಟ ಸ್ವೆರ್ದ್ಲೋವ್ಸ್ಕ್ ಬಳಿ ಹೊಡೆದುರುಳಿಸಿತ್ತು. ಅದು ಹಾರುತ್ತಿದ್ದುದು ಸುಮಾರು 21 ಕಿ.ಮೀ. ಎತ್ತರದಲ್ಲಿ. ಸೆರೆಸಿಕ್ಕ ಪೈಲಟ್ ಗ್ಯಾರಿ ಪವರ್ಸ್ ಅವರಿಗೆ ಮಾಸ್ಕೋದ ನ್ಯಾಯಾಲಯ ಹತ್ತು ವರ್ಷಗಳ ಶಿಕ್ಷೆ ವಿಧಿಸಿದ್ದು ಆಗಸ್ಟ್ 19ರಂದು. ಅದೇ ದಿನಾಂಕದಂದು ಹವಾಯಿ ಸಮೀಪದ ಪೆಸಿಫಿಕ್ ಸಾಗರದ ಮೇಲೆ, ಡಿಸ್ಕವರರ್ 14 ಎಂಬ ಅಮೆರಿಕದ ಉಪಗ್ರಹ ಕೆಳಗೆ ಕಳಿಸಿದ ಫಿಲ್ಮಿನ ಡಬ್ಬಿ ಪ್ಯಾರಾಚೂಟಿನಲ್ಲಿ ತೂಗಾಡುತ್ತಾ ಇಳಿಯುತ್ತಿತ್ತು. ಸಿ-119 ಸಾಗಣೆ ವಿಮಾನವೊಂದು ಕೊಕ್ಕೆಗಳನ್ನು ಇಳಿಬಿಟ್ಟುಕೊಂಡು ಬಂದು, ಎರಡು ಬಾರಿ ತಪ್ಪಿ, ಮೂರನೆಯ ಬಾರಿ ಸುಮಾರು 2.6 ಕಿ.ಮೀ. ಎತ್ತರದಲ್ಲಿ ಅದನ್ನು ಗಾಳಿಯಲ್ಲೇ ಹಿಡಿಯಿತು. ಹೊರಜಗತ್ತಿಗೆ ಅದು ವೈಜ್ಞಾನಿಕ ಪ್ರಯೋಗ. ನಿಜದಲ್ಲಿ ಕೊರೋನಾ ಎಂಬ ಗುಪ್ತ ಗೂಢಚರ್ಯೆಯ ಯೋಜನೆ. ಆ ಒಂದೇ ಡಬ್ಬಿಯ ಫಿಲ್ಮು, ಅಲ್ಲಿಯವರೆಗಿನ ಯು-2 ಹಾರಾಟಗಳೆಲ್ಲ ಸೇರಿ ತೆಗೆದದ್ದಕ್ಕಿಂತ ಹೆಚ್ಚು ಸೋವಿಯತ್ ನೆಲವನ್ನು ತೋರಿಸಿತು. ಗುರಿಯೂ ಒಂದೇ, ಕೆಲಸವೂ ಒಂದೇ. 21 ಕಿ.ಮೀ. ಎತ್ತರದಿಂದ ಮಾಡಿದವನಿಗೆ ಜೈಲು, ಅದರ ಹಲವು ಪಟ್ಟು ಎತ್ತರದ ಕಕ್ಷೆಯಿಂದ ಮಾಡಿದ ಯಂತ್ರದ ಮೇಲೆ ಮೊಕದ್ದಮೆಯೇ ಇಲ್ಲ. ಇನ್ನೂ ವಿಶೇಷವೆಂದರೆ, ಬೆಲ್ಕಾ ಮತ್ತು ಸ್ಟ್ರೆಲ್ಕಾ ಎಂಬ ಎರಡು ನಾಯಿಗಳನ್ನು ಹೊತ್ತ ಸೋವಿಯತ್ ನೌಕೆ ಕಕ್ಷೆಗೆ ಏರಿದ್ದೂ ಅದೇ ಆಗಸ್ಟ್ 19ರಂದು. ಕಕ್ಷೆಯಿಂದ ಜೀವಂತವಾಗಿ ಮರಳಿ ಹೆಸರಾದವು ಆ ನಾಯಿಗಳು.

ಗಡಿ ಮಸುಕಾಗಿರುವುದರಿಂದ ದೊಡ್ಡ ದೇಶಗಳಿಗೆ ಲಾಭವೇ ಇತ್ತು. 1979ರಲ್ಲಿ ಸೋವಿಯತ್ ಒಕ್ಕೂಟ ವಿಶ್ವಸಂಸ್ಥೆಯಲ್ಲಿ 100ರಿಂದ 110 ಕಿ.ಮೀ. ನಡುವೆ ಗಡಿ ಇಡುವ ಸಲಹೆ ಮುಂದಿಟ್ಟಿತು. ಅಂಥ ಗಡಿಯ ಅಗತ್ಯವೇ ಇಲ್ಲ ಎಂಬುದು ಅಮೆರಿಕದ ನಿಲುವು. ವಿಶ್ವಸಂಸ್ಥೆಯ ಬಾಹ್ಯಾಕಾಶ ಸಮಿತಿಯಲ್ಲಿ ಈ ಚರ್ಚೆ ದಶಕಗಳಿಂದ ನಡೆದೇ ಇದೆ. 1976ರಲ್ಲಿ ಕೊಲಂಬಿಯಾ, ಎಕ್ವಡಾರ್, ಕೀನ್ಯಾ, ಇಂಡೋನೇಷ್ಯಾ ಮೊದಲಾದ ಭೂಮಧ್ಯರೇಖೆಯ ದೇಶಗಳು ಬೊಗೊಟಾದಲ್ಲಿ ಸೇರಿ, ತಮ್ಮ ನೆತ್ತಿಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಭೂಸ್ಥಿರ ಕಕ್ಷೆಯ ಭಾಗವೂ ತಮ್ಮದೇ ಎಂದು ಘೋಷಿಸಿದವು. ಬೇರೆಯವರು ಅದನ್ನು ಮನ್ನಿಸಲಿಲ್ಲ. ಬಾಹ್ಯಾಕಾಶದ ವ್ಯಾಖ್ಯೆ ಎಲ್ಲಿಯೂ ಬರೆದಿಲ್ಲದ್ದರಿಂದಲೇ ಅವು ಆ ವಾದ ಹೂಡಲು ಸಾಧ್ಯವಾಯಿತು. ಕೆಲವು ದೇಶಗಳು ತಮ್ಮ ಒಳಗಿನ ಬಳಕೆಗೆ ಅಂಕೆ ಇಟ್ಟುಕೊಂಡಿವೆ. ಆಸ್ಟ್ರೇಲಿಯಾ ಮತ್ತು ಡೆನ್ಮಾರ್ಕ್ ತಮ್ಮ ಕಾನೂನುಗಳಲ್ಲಿ 100 ಕಿ.ಮೀ. ಎಂದು ಬರೆದಿವೆ. ಬಲೂನು ಹಾರುವ ಎತ್ತರಗಳು ಮಾತ್ರ ಇಂದಿಗೂ ಸಂದೇಹವಿಲ್ಲದೆ ದೇಶದ ಒಡೆತನದವು. 2023ರ ಫೆಬ್ರುವರಿಯಲ್ಲಿ ಚೀನಾದ ಬಲೂನನ್ನು ಅಮೆರಿಕ ತನ್ನ ಕರಾವಳಿಯಾಚೆ ಹೊಡೆದು ಕೆಡವಿದಾಗ ಅದೇ ಹಳೆಯ ನಿಯಮ ಕೆಲಸ ಮಾಡಿತು.

ಈಗ ಬ್ರಾನ್ಸನ್ ಮತ್ತು ಬೆಜೋಸ್ ವಿಷಯಕ್ಕೆ ಬರೋಣ. ಅಮೆರಿಕದ ಲೆಕ್ಕದಲ್ಲಿ ಇಬ್ಬರೂ ಬಾಹ್ಯಾಕಾಶ ಮುಟ್ಟಿದ್ದಾರೆ, ಎಫ್‌ಎಐ ಲೆಕ್ಕದಲ್ಲಿ ಬೆಜೋಸ್ ಮಾತ್ರ. ನಾನು ಹೇಳಿದ ಭೌತಿಕ ಕಾರಣಗಳನ್ನು ಒಪ್ಪುವುದಾದರೆ ಬ್ರಾನ್ಸನ್ ಅವರನ್ನು ಹೊರಗಿಡುವುದು ಸರಿಯಲ್ಲ. ಅವರ ನೌಕೆ ತುದಿಯಲ್ಲಿದ್ದಾಗ ಅದರ ರೆಕ್ಕೆಗಳು ಅದನ್ನು ಹೊತ್ತಿರಲಿಲ್ಲ. ಆದರೆ ಇವೆರಡೂ ಯಾನಗಳ ನಡುವಿನ 21 ಕಿ.ಮೀ. ವ್ಯತ್ಯಾಸಕ್ಕಿಂತ, ಇವೆರಡಕ್ಕೂ ಗಗಾರಿನ್ ಅವರ ಯಾನಕ್ಕೂ ಇರುವ ವ್ಯತ್ಯಾಸ ಎಷ್ಟೋ ದೊಡ್ಡದು. ಒಂದು ಕಿಲೋ ತೂಕವನ್ನು 100 ಕಿ.ಮೀ. ಎತ್ತರಕ್ಕೆ ಏರಿಸಿ ಬಿಡಲು ಬೇಕಾಗುವ ಶಕ್ತಿ ಸುಮಾರು 10 ಲಕ್ಷ ಜೂಲ್. ಅದೇ ಒಂದು ಕಿಲೋ ಅಲ್ಲಿಂದ ಬೀಳದೆ ಸುತ್ತುವಷ್ಟು ವೇಗ ಪಡೆಯಲು ಇನ್ನೂ ಮೂರು ಕೋಟಿ ಜೂಲ್ ಬೇಕು. ಈ ಮೂವತ್ತು ಪಟ್ಟು ಶಕ್ತಿಯನ್ನು ಏರುವಾಗ ಒದಗಿಸಬೇಕು, ಮರಳುವಾಗ ಬಿಸಿಯಾಗಿ ಕಳೆದುಕೊಳ್ಳಬೇಕು. ಕಕ್ಷೆಯ ನೌಕೆಗಳಿಗೆ ದೈತ್ಯ ರಾಕೆಟ್ಟೂ ಉಷ್ಣಕವಚವೂ ಬೇಕಾಗುವುದು ಅದಕ್ಕಾಗಿ. ಕೆಲವೇ ನಿಮಿಷ ಮೇಲೇರಿ ಇಳಿಯುವ ನೌಕೆಗಳಿಗೆ ಅಷ್ಟು ದೊಡ್ಡ ವ್ಯವಸ್ಥೆ ಬೇಕಾಗುವುದಿಲ್ಲ.

ಅಮೆರಿಕದ ವಿಮಾನಯಾನ ಆಡಳಿತವೂ ಕೊನೆಗೆ ಎತ್ತರವೊಂದನ್ನೇ ನೆಚ್ಚಿಕೊಳ್ಳುವುದನ್ನು ಬಿಟ್ಟಿತು. ಬೆಜೋಸ್ ಹಾರಿದ 2021ರ ಜುಲೈ 20ರಂದೇ ಅದು ತನ್ನ ನಿಯಮ ಬದಲಿಸಿ, ಗಗನಯಾನಿಯ ಪದಕ ಬೇಕಾದರೆ 50 ಮೈಲಿ ದಾಟಿದ್ದಷ್ಟೇ ಸಾಲದು, ನೌಕೆಯ ಸಿಬ್ಬಂದಿಯಾಗಿ ಸುರಕ್ಷತೆಗೆ ನೆರವಾಗುವ ಕೆಲಸವನ್ನೂ ಮಾಡಿರಬೇಕು ಎಂದಿತು. ಆ ವರ್ಷದ ಕೊನೆಗೆ ವಾಣಿಜ್ಯ ಯಾನಗಳಿಗೆ ಪದಕ ಕೊಡುವುದನ್ನೇ ನಿಲ್ಲಿಸಿತು.